ಹಿರಿಯರು ಮಧ್ಯಾಹ್ನ ಮಲಗುತ್ತಾರೆ

ಸುಳ್ಳು ಹೇಳಿ ಮೋಸ ಮಾಡುವವರನ್ನು ನಾನು ಜೀವಮಾನವೆಲ್ಲ ನೋಡಿದ್ದೇನೆ. ಮಾರುಕಟ್ಟೆಯಲ್ಲಿ ಈರುಳ್ಳಿ ಮಾರಿ ಬದುಕಿದವನು ನಾನು. ಮೂಟೆಯ ಬಾಯಿಗೆ ದಪ್ಪ ಗಡ್ಡೆ ಜೋಡಿಸಿ ತಳಕ್ಕೆ ಕೊಳೆತದ್ದು ತುಂಬುವವರು ನನ್ನ ಎಡಕ್ಕೂ ಇದ್ದರು, ಬಲಕ್ಕೂ ಇದ್ದರು. ಅವರ ಮೇಲೆ ನನಗೆ ಇಷ್ಟು ಸಿಟ್ಟು ಬಂದದ್ದಿಲ್ಲ. ಅವರು ಏನಿದ್ದರೂ ತಮ್ಮ ನಾಲಿಗೆಯಿಂದ ಸುಳ್ಳು ಹೇಳುತ್ತಿದ್ದರು. ನಮಗೆ ಕಾರು ಮಾರಿದವನು ಹಾಗಲ್ಲ. ಅವನು ಸುಳ್ಳನ್ನು ನನ್ನ ಬಾಯಿಂದ ಹೇಳಿಸಿದ.

ನನ್ನ ಸೊಸೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಬೆಳಕು ಹರಿಯುವ ಮೊದಲೇ ಹೊರಟು, ಹಾಸಿಗೆಯಿಂದ ಏಳಲಾಗದವರ ಮನೆಗಳಿಗೆ ಹೋಗಿ, ರಕ್ತ ತೆಗೆದು, ಆ ಸೀಸೆಗಳನ್ನು ತಣ್ಣನೆಯ ಡಬ್ಬದಲ್ಲಿಟ್ಟು ಬಿಸಿಲೇರುವುದರೊಳಗೆ ತಂದು ಮುಟ್ಟಿಸಬೇಕು. ಸ್ಕೂಟರಿನಲ್ಲಿ ಡಬ್ಬ ಕುಲುಕಿ ಎರಡು ಸಲ ಸೀಸೆ ಒಡೆದಿದ್ದವು. ಲ್ಯಾಬಿನ ಒಡತಿ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು: "ಕಾರು ತಗೊಂಡ್ರೆ ಹೊರಗಿನ ಬಡಾವಣೆಗಳೆಲ್ಲ ನಿಂದೇ, ಕೆಲಸಾನೂ ಕಾಯಂ. ಇಲ್ಲಾಂದ್ರೆ ತಿಂಗಳ ಕೊನೆಗೆ ಬೇರೆ ಯಾರನ್ನಾದ್ರೂ ನೋಡ್ಕೋತೀನಿ."

ಹೊಸದು ಕೊಳ್ಳುವ ಶಕ್ತಿ ನಮಗಿರಲಿಲ್ಲ. ಸೊಸೆ ಫೋನಿನಲ್ಲಿ ಹಳೆಯ ಕಾರುಗಳನ್ನು ಹುಡುಕಿ ಹುಡುಕಿ ಕೊನೆಗೊಂದನ್ನು ನನಗೆ ಓದಿ ಹೇಳಿದಳು. ಬಿಳಿ ಬಣ್ಣ, ಒಬ್ಬರೇ ಮಾಲೀಕರು, ಅಪಘಾತ ಆಗಿಲ್ಲ. ಕೊನೆಯಲ್ಲಿ ಒಂದು ಸಾಲು: "ದಯವಿಟ್ಟು ಬೆಳಿಗ್ಗೆಯೇ ಬಂದು ನೋಡಿ, ಹಿರಿಯರು ಮಧ್ಯಾಹ್ನ ಮಲಗುತ್ತಾರೆ."

"ಇದನ್ನೇ ನೋಡೋಣ" ಎಂದೆ ನಾನು.

"ಯಾಕೆ ಮಾವ? ಇದಕ್ಕಿಂತ ಕಡಿಮೆ ಬೆಲೆಗೆ ಬೇರೆ ಇವೆ."

"ಮನೇಲಿ ಹಿರಿಯರ ನಿದ್ದೆ ಕೆಡಬಾರದು ಅಂತ ಯೋಚನೆ ಮಾಡೋನು ಗಾಡೀನೂ ಹಾಗೇ ನೋಡ್ಕೊಂಡಿರ್ತಾನೆ."

ಮಗ ರಾತ್ರಿ ಪಾಳಿ ಮುಗಿಸಿ ಬಂದು ಬೆಳಿಗ್ಗೆ ಮಲಗುವವನು. ಹಾಗಾಗಿ ಅವಳ ಜೊತೆ ನಾನೇ ಹೋದೆ. ದಾರಿಯಲ್ಲಿ ಅವಳು, "ಪರಿಚಯದ ಮೆಕ್ಯಾನಿಕ್ ಒಬ್ಬನಿದ್ದಾನೆ, ಕರ್ಕೊಂಡು ಹೋಗೋಣ್ವಾ?" ಎಂದಳು. ನಾನೇ ಬೇಡವೆಂದೆ. ಹಿರಿಯರಿರುವ ಮನೆ ಬಾಗಿಲಿಗೆ ಮೆಕ್ಯಾನಿಕ್‌ನನ್ನು ಕರೆದೊಯ್ದು, ಅವರ ಕಣ್ಣೆದುರೇ ಗಾಡಿಯ ಹೊಟ್ಟೆ ಬಗೆಸುವುದು ಮರ್ಯಾದೆಯಲ್ಲ ಅನ್ನಿಸಿತು ನನಗೆ.

ಅಚ್ಚುಕಟ್ಟಾದ ಬೀದಿ. ಹಸಿರು ಗೇಟಿನ ಒಂದು ಮನೆಯ ಮುಂದೆ ಬಿಳಿ ಕಾರು ಕನ್ನಡಿಯಂತೆ ಹೊಳೆಯುತ್ತಿತ್ತು. ಗೇಟಿನ ಒಳಗೆ ನನ್ನದೇ ವಯಸ್ಸಿನ ಒಬ್ಬರು ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಗಡಿಯಾರ ರಿಪೇರಿ ಮಾಡುತ್ತಿದ್ದವರಂತೆ. ಈಗಲೂ ಮಡಿಲ ಮೇಲೆ ಬಟ್ಟೆ ಹಾಸಿ ಒಂದು ಕೈಗಡಿಯಾರ ಬಿಚ್ಚಿಟ್ಟುಕೊಂಡಿದ್ದರು. ಮಾರುವವನು ಮೂವತ್ತರ ಆಸುಪಾಸಿನವನು, ಮುಖದ ತುಂಬ ನಗು. ನಮ್ಮನ್ನು ಕಂಡವನೇ ಗೇಟಿನೊಳಗೆ ತಲೆ ಹಾಕಿ, "ಅಪ್ಪಾಜಿ, ಬಿಸಿಲು ಕಾಲಿಗೆ ಬಂತಲ್ಲ, ಕುರ್ಚಿ ಹಿಂದಕ್ಕೆ ಎಳೀಲಾ?" ಎಂದ. ಎಳೆದೂ ಕೊಟ್ಟ. ನನ್ನ ಮನಸ್ಸು ಬೆಣ್ಣೆಯಾಯಿತು.

ಸೊಸೆ ಕಾರು ನೋಡುವಾಗ ನಾನು ಗಡಿಯಾರದವರ ಪಕ್ಕ ಕೂತೆ.

"ಹುಡುಗ ಒಳ್ಳೆಯವನು" ಎಂದೆ.

"ಚಿನ್ನದಂಥವನು. ದಿನಾ ಬೆಳಿಗ್ಗೆ ಮೊದಲು ನನ್ನನ್ನ ಮಾತಾಡಿಸ್ತಾನೆ, ಆಮೇಲೇ ಗಾಡಿ ಮುಟ್ಟೋದು."

"ಗಾಡಿ ಹೇಗೆ?"

"ತೊಳೆದಿದ್ದೇ ತೊಳೆದಿದ್ದು. ಓಡಿಸಿದ್ದು ಮಾತ್ರ ನಾನು ಕಂಡಿಲ್ಲ!"

ಇಬ್ಬರೂ ಬಾಯಿ ತುಂಬ ನಕ್ಕೆವು. ಹೆಚ್ಚು ಓಡದ ಗಾಡಿ ಎಂದು ನಾನು ಲೆಕ್ಕ ಹಾಕಿಕೊಂಡೆ. ಕಾಗದಗಳ ಮೇಲೆ ಮಾಲೀಕರ ಹೆಸರು ಮಾರುವವನದಲ್ಲ, ಬೇರೊಂದಿತ್ತು. ಅದು ಈ ಹಿರಿಯರದೇ ಎಂದು ನಾನೇ ಸೊಸೆಗೆ ಹೇಳಿದೆ. "ತಗೋ ಮಗಳೇ. ಇಂಥ ಮನೆ ಗಾಡಿ ಮತ್ತೆ ಸಿಗಲ್ಲ." ಅವಳು ಕೂಡಿಟ್ಟದ್ದೆಲ್ಲ ಅವಳ ಫೋನಿನಿಂದ ಅವನ ಫೋನಿಗೆ ಹೋಯಿತು.

ವಾರ ಕಳೆಯುವ ಮೊದಲು ಕಾರು ಗಡಗಡ ಸದ್ದು ಮಾಡಿ, ಹೊಗೆ ಉಗುಳಿ, ಊರಾಚೆಯ ರಸ್ತೆಯಲ್ಲಿ ನಿಂತುಬಿಟ್ಟಿತು. ಡಬ್ಬದಲ್ಲಿದ್ದ ರಕ್ತವೆಲ್ಲ ಬಿಸಿಲಿಗೆ ಕೆಟ್ಟಿತು. ಅಂದು ರಕ್ತ ಕೊಟ್ಟವರಲ್ಲಿ ಒಬ್ಬ ಮುದುಕಿಗೆ ನರವೇ ಸಿಗುವುದಿಲ್ಲವಂತೆ. ಮಾರನೆಯ ದಿನ ಸೊಸೆ ಮತ್ತೆ ಹೋಗಿ ಸೂಜಿ ಚುಚ್ಚಬೇಕಾಯಿತು. ಮನೆಗೆ ಬಂದವಳು ಬ್ಯಾಗನ್ನೂ ಕೆಳಗಿಡದೆ ನಿಂತಳು. "ಆಯಮ್ಮ ಬೈದಿದ್ರೆ ಚೆನ್ನಾಗಿತ್ತು ಮಾವ. ಸುಮ್ನೆ ಇನ್ನೊಂದು ಕೈ ಚಾಚಿದ್ರು."

ಮೆಕ್ಯಾನಿಕ್ ಒಂದೇ ಮಾತಿನಲ್ಲಿ ಹೇಳಿದ: "ಎಂಜಿನ್ ಯಾವತ್ತೋ ಸತ್ತಿದೆ. ಸದ್ದು ಕೇಳಿಸದ ಹಾಗೆ ಅಂಟಂಟು ಎಣ್ಣೆ ತುಂಬಿದಾನೆ ಅಷ್ಟೇ." ಸೊಸೆ ದಿನವೂ ಬಾಡಿಗೆ ಕಾರು ಹಿಡಿದು ದುಡಿದದ್ದನ್ನೆಲ್ಲ ಅದಕ್ಕೇ ಸುರಿಯತೊಡಗಿದಳು. ಒಡತಿ ಇನ್ನೊಂದು ವಾರ ಕಾಯುತ್ತೇನೆ ಎಂದಿದ್ದಳು. ಮಾರಿದವನ ಫೋನು ಸತ್ತು ಮಲಗಿತ್ತು.

ಮನೆ ಗೊತ್ತಿತ್ತಲ್ಲ! ನಾನು ಹಸಿರು ಗೇಟಿನೊಳಗೆ ನುಗ್ಗಿ, ಗಡಿಯಾರದವರ ಮುಂದೆ ನಿಂತು, "ನಿಮ್ಮ ಮಗ ಎಲ್ಲಿ?" ಎಂದು ಗದರಿದೆ.

"ನನಗೆಲ್ಲಿ ಬಂದ ಮಗ? ಇರೋದು ಒಬ್ಬಳು ಮಗಳು, ಒಳಗೆ ಹೊಲಿಗೆ ಹಾಕ್ತಾ ಇದಾಳೆ."

"ಮತ್ತೆ ಕಾರಿನ ಹುಡುಗ?"

"ಅವನಾ? ನೀವು 'ಹುಡುಗ ಒಳ್ಳೆಯವನು' ಅಂದಾಗ ನಿಮಗೆ ಗೊತ್ತಿರೋನು ಅಂದ್ಕೊಂಡಿದ್ದೆ ನಾನು! 'ಇಲ್ಲಿ ನೆರಳಿದೆ, ನಾಲ್ಕು ದಿನ ಗಾಡಿ ನಿಲ್ಲಿಸ್ಕೊಳ್ಲಾ ಅಪ್ಪಾಜಿ' ಅಂದ. ಈ ಕಾಲದಲ್ಲಿ ಕೇಳಿ ನಿಲ್ಲಿಸೋರು ಯಾರಿದಾರೆ ಅಂತ ಹೂಂ ಅಂದೆ."

ಮೆಟ್ಟಿಲ ಮೇಲೆ ಕೂತೆ. ನಡೆದದ್ದನ್ನೆಲ್ಲ ಹೇಳಿದೆ. ಗಡಿಯಾರದವರ ಮುಖ ಕೆಂಪೇರಿತು. ಮಡಿಲಲ್ಲಿದ್ದ ಪುಟ್ಟ ತಿರುಪುಗಳು ನೆಲಕ್ಕೆ ಚೆಲ್ಲಿದರೂ ಅವರು ನೋಡಲಿಲ್ಲ. "ನನ್ನ ಗೇಟು, ನನ್ನ ಕುರ್ಚಿ, ನನ್ನ ನರೆತ ತಲೆ! ಎಲ್ಲಾನೂ ಅಂಗಡಿ ಮುಂದಿನ ಬೋರ್ಡ್ ಮಾಡ್ಕೊಂಡನಲ್ರೀ! ಹೆಂಡತಿ ಸತ್ತ ಮೇಲೆ ಹೊರಗಿನವರಲ್ಲಿ ದಿನಾ ಬೆಳಿಗ್ಗೆ ನನ್ನನ್ನ ಮಾತಾಡಿಸಿದೋನು ಅವನೊಬ್ಬನೇ."

ಆ ಕೊನೆಯ ಮಾತಿಗೇ ನನ್ನ ಎದೆ ಉರಿದದ್ದು. ನಮ್ಮ ಕಾರಿನದೊಂದೇ ಮೋಸವಾಗಿರಲಿಲ್ಲ.

ಸೊಸೆ ಪ್ರತಿ ಸಂಜೆ ಫೋನಿನಲ್ಲಿ ಹುಡುಕುತ್ತಲೇ ಇದ್ದಳು. ಒಂದು ಸಂಜೆ ಎದ್ದು ಬಂದು ನನ್ನ ಮುಂದೆ ಫೋನು ಹಿಡಿದಳು. ಬೇರೆ ಕಾರು, ಬೇರೆ ನಂಬರು. ಕೊನೆಯ ಸಾಲು ಮಾತ್ರ ಅದೇ: ದಯವಿಟ್ಟು ಬೆಳಿಗ್ಗೆಯೇ ಬಂದು ನೋಡಿ, ಹಿರಿಯರು ಮಧ್ಯಾಹ್ನ ಮಲಗುತ್ತಾರೆ.

ಪಕ್ಕದ ಮನೆಯವರ ಫೋನಿನಿಂದ ವಿಳಾಸ ಕೇಳಿಕೊಂಡೆವು. ಮರುದಿನ ಬೆಳಿಗ್ಗೆ ಗಡಿಯಾರದವರನ್ನೂ ಕರೆದುಕೊಂಡು ಹೊರಟೆವು. ಈ ಸಲದ ಮನೆಯ ಮುಂದೆ ಕೆಂಪು ಕಾರು. ಬಾಗಿಲಲ್ಲಿ ದಪ್ಪ ಕನ್ನಡಕದ ಒಬ್ಬ ಅಜ್ಜಿ ಹೆಣಿಗೆ ಹಾಕುತ್ತ ಕೂತಿದ್ದರು. ಗಂಡ ಹೆಂಡತಿ ಇಬ್ಬರು ಗಿರಾಕಿಗಳು ಕಾರಿನ ಸುತ್ತ ಸುತ್ತುತ್ತಿದ್ದರು. ಗಂಡ ತನ್ನ ಹೆಂಡತಿಯ ಕಿವಿಯಲ್ಲಿ, "ಪಾಪ, ಅವರ ಅಮ್ಮ ಎಷ್ಟು ಸಾಧು!" ಎನ್ನುವುದು ಕೇಳಿಸಿತು.

ಪಕ್ಕದಲ್ಲಿ ಅದೇ ನಗುಮುಖದವನು ನಿಂತಿದ್ದ; ನಾನು ಅವನ ಕಡೆ ನೋಡಲೂ ಇಲ್ಲ. ನೇರವಾಗಿ ಅಜ್ಜಿಯ ಬಳಿ ಹೋದೆ. "ಅಮ್ಮಾ, ಈ ಹುಡುಗ ನಿಮಗೇನಾಗಬೇಕು?"

"ಏನೂ ಆಗಬೇಕಿಲ್ಲಪ್ಪ. ಗಾಡಿ ನಿಲ್ಲಿಸ್ಕೊಂಡಿದಾನೆ. ನನ್ನ ನಲ್ಲಿ ನೀರು ಖಾಲಿ ಮಾಡ್ತಾನೆ, ಆದ್ರೆ ಬಾಯಿ ತುಂಬ ಅಮ್ಮ ಅಂತಾನೆ."

ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೊಸೆ ಅವರಿಗೆ ನಮ್ಮ ಕಥೆ ಹೇಳಿದಳು. ಅವರು ಜಾಗ ಖಾಲಿ ಮಾಡಿದರು.

ನಗುಮುಖದವನ ನಗು ಆಗಲೂ ಮಾಸಲಿಲ್ಲ. "ಅಪ್ಪಾಜಿ, ಅವರು ನನ್ನ ತಂದೆ ಅಂತ ನಾನು ಯಾವತ್ತಾದ್ರೂ ಹೇಳಿದ್ನಾ?"

"ಹಿರಿಯರು ಮಲಗ್ತಾರೆ ಅಂತ ಹಾಕಿದ್ದೆಯಲ್ಲೋ!"

"ಮಲಗಲ್ವಾ? ನೀವೇ ಹೇಳಿ, ಮಧ್ಯಾಹ್ನ ಮಲಗಲ್ವಾ?"

ಅವನು ಹೇಳಿದ್ದು ನಿಜ. ಯಾರ ತಂದೆ, ಯಾರ ಮಗ ಎಂದು ಅವನು ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ. ನಾನೇ ಕಟ್ಟಿಕೊಂಡೆ, ನಾನೇ ಸೊಸೆಗೆ ಹೇಳಿದೆ. ನಾವು ಹಾಗೆಯೇ ಕಟ್ಟಿಕೊಳ್ಳುತ್ತೇವೆಂದು ಗೊತ್ತಿದ್ದೇ ಅವನು ಗೇಟು ಹುಡುಕಿ ಗಾಡಿ ನಿಲ್ಲಿಸುತ್ತಿದ್ದ. ಸಿಟ್ಟು ಬಂತು. ಹೊಡೆಯುವ ವಯಸ್ಸಲ್ಲ ನನ್ನದು. ಅಜ್ಜಿಯ ಮನೆಯಿಂದ ಒಂದು ಕುರ್ಚಿ ಎತ್ತಿ ತಂದು ಅವನ ಕಾರಿನ ಮೂತಿಗೆ ಒತ್ತಿ ಹಾಕಿಕೊಂಡು ಕೂತೆ. ಗಡಿಯಾರದವರು ಇನ್ನೊಂದನ್ನು ತಂದು ಕಾರಿನ ಹಿಂದೆ ಕೂತರು. ಅಜ್ಜಿ ಹೆಣಿಗೆಯ ಸಮೇತ ಎದ್ದು ಬಂದು, "ನನಗೂ ಜಾಗ ಬಿಡ್ರಪ್ಪ" ಎಂದು ನನ್ನ ಪಕ್ಕದಲ್ಲೇ ಕೂತರು.

ಅವನು ಕಾರು ಹತ್ತಿ ಹಾರ್ನ್ ಒತ್ತಿದ.

"ಒತ್ತು ಮಗನೇ, ಒತ್ತು" ಎಂದರು ಅಜ್ಜಿ. "ನನಗೆ ಆ ಕಡೆ ಕಿವಿ ಕೇಳಲ್ಲ."

ಬೀದಿಯವರು ಒಬ್ಬೊಬ್ಬರಾಗಿ ಹೊರಬಂದರು. ಅವನ ಫೋನು ರಿಂಗಾಯಿತು; ಮುಂದಿನ ಗಿರಾಕಿ ದಾರಿಯಲ್ಲಿದ್ದ. ಸೊಸೆ ಕಿಟಕಿಗೆ ಬಗ್ಗಿ, "ಬರಲಿ ಬಿಡಿ, ಅವರಿಗೂ ಕುರ್ಚಿ ಹಾಕ್ತೀವಿ" ಎಂದಳು. ಅವನು ಅಪ್ಪಾಜಿ ಎಂದ, ಅಮ್ಮ ಎಂದ, ದೊಡ್ಡವರು ಎಂದ. ನಾವು ಅಲುಗಲಿಲ್ಲ. ಈರುಳ್ಳಿಯ ಮುಂದೆ ಬೆಳಗಿಂದ ಬೈಗಿನವರೆಗೆ ಕೂತು ಬದುಕಿದವನಿಗೆ ಕೂರುವುದನ್ನು ಯಾರೂ ಕಲಿಸಬೇಕಿಲ್ಲ.

"ಏಳೋ ಮುದುಕಾ!" ಎಂದು ಕೊನೆಗೆ ಕಿರುಚಿದ.

ಅವನ ಬಾಯಿಂದ ನಾನು ಕೇಳಿದ, ಒಳಗಿನಿಂದ ಬಂದ ಮೊದಲ ಮಾತು ಅದು. ಆಗಲೇ ನನಗೆ ಅವನ ಕೈ ಸೋತದ್ದು ತಿಳಿಯಿತು. ಮತ್ತೆ ಫೋನು ರಿಂಗಾದಾಗ ಅವನು ಹಲ್ಲು ಕಚ್ಚಿಕೊಂಡು ಸೊಸೆಯ ಹಣ ವಾಪಸು ಕಳಿಸಿದ. ಅವಳು ಬ್ಯಾಂಕಿಗೆ ಫೋನು ಮಾಡಿ ಖಾತ್ರಿ ಮಾಡಿಕೊಳ್ಳುವವರೆಗೂ ನಾವು ಕೂತೇ ಇದ್ದೆವು. ಆಮೇಲೆ ಅವಳು ಅಲ್ಲೇ ನಿಂತು ಲ್ಯಾಬಿನ ಒಡತಿಗೆ ಹೇಳಿದಳು: "ಮೇಡಂ, ನಾಳೆ ನಾಡಿದ್ದರಲ್ಲಿ ಬೇರೆ ಕಾರು ತಗೋತೀನಿ. ಈ ಸಲ ಮೆಕ್ಯಾನಿಕ್ ಜೊತೆ." ಆ ಕಡೆಯಿಂದ ಹೂಂ ಬಂತು. ಅವಳ ಭುಜ ಸಡಿಲವಾಯಿತು.

ಅವನು ಇಳಿದು ನಮ್ಮ ಹಳೆಯ ಬಿಳಿ ಕಾರಿನ ಕೀ ಕೇಳಿದ. ಆಗ ನನಗೆ ಹೊಳೆಯಿತು: ಇದೇ ಸತ್ತ ಎಂಜಿನ್ನು ನಾಳೆ ಇನ್ನೊಬ್ಬ ಹಿರಿಯರ ಗೇಟಿನ ಮುಂದೆ ತೊಳೆದುಕೊಂಡು ನಿಂತಿರುತ್ತದೆ.

"ಕೀ ಪೊಲೀಸ್ ಠಾಣೇಲಿ ಕೊಡ್ತೀವಿ, ಬಾ" ಎಂದೆ. ಅವನು ಬರಲಿಲ್ಲ. ಕುರ್ಚಿ ತೆಗೆದದ್ದೇ ತಡ, ಕೆಂಪು ಕಾರು ಓಡಿಸಿಕೊಂಡು ಹೋದ.

ಸೊಸೆಯನ್ನು ಕೆಲಸಕ್ಕೆ ಕಳಿಸಿ, ಅಜ್ಜಿ, ಗಡಿಯಾರದವರು, ನಾನು ಮೂವರೂ ಠಾಣೆಗೆ ಹೋದೆವು. ಠಾಣೆಯ ಮೇಜಿನ ಹಿಂದಿನವರು ಎಲ್ಲವನ್ನೂ ಕೇಳಿ ಪೆನ್ನು ಮುಚ್ಚಿದರು. "ಹಣ ವಾಪಸ್ ಬಂತಲ್ಲ ತಾತ, ಇನ್ನೇನು ದೂರು?"

"ಅವನು ಇವರ ಮಗ ಅಲ್ಲ ಅಂತ ಬರ್ಕೊಳ್ಳಿ."

"ಅದನ್ನ ಯಾವ ಕಾನೂನಲ್ಲಿ ಬರೀಲಿ?"

"ನಾನು ಓದಿದೋನಲ್ಲ. ಓದಿದೋರು ನೀವು."

ಅಜ್ಜಿ ಗೋಡೆ ಪಕ್ಕದ ಬೆಂಚಿನ ಧೂಳು ಸೆರಗಿನಿಂದ ಒರೆಸಿ, ಹೆಣಿಗೆ ಬಿಚ್ಚಿದರು. ಗಡಿಯಾರದವರು ಅವರ ಪಕ್ಕ ಕೂತು ಗೋಡೆಯ ಮೇಲೆ ನಿಂತುಹೋಗಿದ್ದ ಗಡಿಯಾರವನ್ನು ಅಸಹನೆಯಿಂದ ನೋಡತೊಡಗಿದರು. ಕೀಯನ್ನು ನಾನು ಮೇಜಿನ ಮೇಲೆ, ಸಾಹೇಬರ ಪೆನ್ನಿನ ಪಕ್ಕಕ್ಕೇ ಇಟ್ಟೆ.

"ನಿಧಾನಕ್ಕೆ ಯೋಚನೆ ಮಾಡಿ ಸ್ವಾಮಿ" ಎಂದೆ. "ಬರೆಯೋವರೆಗೂ ಈ ಕೀ ಯಾರಿಗೂ ಇಲ್ಲ."

ಅವರು ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದರು. ಆಮೇಲೆ ನಿಟ್ಟುಸಿರು ಬಿಟ್ಟು ಪೆನ್ನಿನ ಮುಚ್ಚಳ ತೆಗೆದರು.

"ಸರಿ, ಮೊದಲಿಂದ ಹೇಳಿ. ಆ ಬಿಳಿ ಕಾರು ಯಾರ ಮನೆ ಮುಂದೆ ನಿಂತಿತ್ತು?"