ಒಂಬತ್ತು ಪಾದ

ಕೊಟ್ಟೂರೇಶ ಮೂರನೇ ಸಲ ಬಗ್ಗಿ ಬಾಗಿಲ ಬಳಿಯ ಚಪ್ಪಲಿ ರಾಶಿಯನ್ನು ಕೆದಕಿದ. ಮದುವೆಮನೆಯಲ್ಲಿ ಚಪ್ಪಲಿ ಕಳೆದರೆ ನಾಲ್ಕು ಜನ ನಗುತ್ತಾರೆ, ಮುಗಿಯಿತು. ಸಾವಿನ ಮನೆಯಲ್ಲಿ ಬಾಯಿ ಬಿಟ್ಟು ಕೇಳುವುದಾದರೂ ಹೇಗೆ? ಒಳಗೆ ಅಣ್ಣ ಬಕ್ಕೇಶಪ್ಪನಿಗೆ ವಿಭೂತಿ ಹಚ್ಚಿ, ರುಮಾಲು ಸುತ್ತಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ವಿನೋಬನಗರದ ಆ ಓಣಿಯಲ್ಲಿ ಹೂವು ಕಟ್ಟಿದ ಗಾಡಿ ಆಗಲೇ ಬಂದು ನಿಂತಿತ್ತು. ಹರಿಹರಕ್ಕೆ ಹೋಗಿ, ಹೊಳೆದಂಡೆಯ ಮನೆತನದ ಹೊಲದಲ್ಲಿ ಮಣ್ಣು ಮಾಡಬೇಕಿತ್ತು.

"ಏನ್ ಹುಡುಕ್ತೀರಿ?" ಅತ್ತಿಗೆ ಮರುಳಸಿದ್ದಮ್ಮ ಬಾಗಿಲಿಗೆ ಬಂದು ಕೇಳಿದಳು.

"ಚಪ್ಪಲಿ ಅತ್ತಿಗೆ. ಬೆಳಿಗ್ಗೆ ಐದಕ್ಕೆ ಬಂದಾಗ ಇಲ್ಲೇ ಮೂಲೇಲಿ ಬಿಟ್ಟಿದ್ದೆ. ಕರೇ ಲೆದರಿನವು."

"ಯಾರೋ ಮೆಟ್ಟಿಕೊಂಡು ಹೋಗಿರ್ಬೇಕು. ಬರಿಗಾಲಲ್ಲಿ ಬ್ಯಾಡ್ರಿ, ನಿಮಗೆ ಶುಗರ್ ಐತೆ." ಮೂಲೆಯಲ್ಲಿದ್ದ ನೀಲಿ ಪಟ್ಟಿಯ ಹವಾಯಿಯನ್ನು ಅವಳು ತೋರಿಸಿದಳು. "ಅವರವೇ ಹಾಕ್ಕೊಳ್ರಿ. ಅವರಿಗೇನು, ಇನ್ನು ಬೇಕಾಗಿಲ್ಲ."

ಹಾಕಿಕೊಂಡ. ಹಿಮ್ಮಡಿ ಎರಡು ಬೆರಳು ಹೊರಗೇ ಉಳಿಯಿತು. ಅಣ್ಣನದು ಮೊದಲಿಂದಲೂ ಹೆಂಗಸರ ಹಾಗೆ ಸಣ್ಣ ಪಾದ. ಕೊಟ್ಟೂರೇಶನಿಗೋ ಹನ್ನೆರಡನೇ ವಯಸ್ಸಿಗೇ ಅಪ್ಪನ ಜೋಡು ಹಿಡಿಯುತ್ತಿರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತಾರೆ, ನಿನ್ನ ಕಾಲಿಗೆ ನಾನು ಹಾಸಿಗೆ ಎಲ್ಲಿಂದ ತರಲೋ ಮಾರಾಯ ಎಂದು ಅವ್ವ ರೇಗಿಸುತ್ತಿದ್ದಳು.

ಒಳಗಿಂದ ಸಂಸ್ಕಾರ ಮಾಡಿಸುವ ಅಯ್ಯನವರ ದನಿ ಕೇಳಿತು. "ಗುಂಡಿ ಅಳತೆ ಹೋಗೇತೇನ್ರಿ?"

ಗುಂಡಿಯನ್ನು ಟೇಪು ಹಿಡಿದು ಅಳೆಯುವ ರೂಢಿ ಲಿಂಗಾಯತರಾದ ಇವರಲ್ಲಿಲ್ಲ. ಯಾರು ಸತ್ತಿದ್ದಾರೋ ಅವರದೇ ಪಾದದ ಲೆಕ್ಕ: ಉದ್ದಕ್ಕೆ ಒಂಬತ್ತು ಪಾದ, ಅಗಲಕ್ಕೆ ಐದು. ಇಷ್ಟು ವರ್ಷ ನಡೆದ ಕಾಲು ತನಗೆ ಬೇಕಾದ ಜಾಗವನ್ನು ತಾನೇ ಹೇಳುತ್ತದೆ.

"ಆರಕ್ಕೇ ಹೋತ್ರಿ," ಎಂದಳು ಅಣ್ಣನ ಮಗಳು ವಾಣಿ. "ಗುಂಡಿ ತೆಗೆಯೋ ನಿಂಗಪ್ಪನ ಅಳಿಯ ಮಹೇಂದ್ರ ಬೈಕಲ್ಲಿ ಬಂದಿದ್ದ. ಒಳಗೆ ಜನ ತುಂಬಿತ್ತು, ಬಾಗಿಲ ಮೂಲ್ಯಾಗೇ ಅಪ್ಪನ ಚಪ್ಪಲಿ ಅದಾವೆ, ಅಳತೆಗೆ ಅವನ್ನೇ ತಗೊಂಡು ಹೋಗಪ್ಪ ಅಂದೆ."

ಅಷ್ಟರಲ್ಲಿ ಕೊಟ್ಟೂರೇಶನ ಜೇಬಿನಲ್ಲಿ ಫೋನು ನಡುಗಿತು. ದಲ್ಲಾಳಿ ಬೊಮ್ಮಣ್ಣ. ಹರಿಹರ ಬಸ್‌ಸ್ಟ್ಯಾಂಡ್ ಹತ್ತಿರದ ಕಟ್ಟಡ ನಾಳೆ ಹನ್ನೊಂದಕ್ಕೆ ರಿಜಿಸ್ಟ್ರಿ. ಅದು ಕೊಟ್ಟೂರೇಶನ ಐದನೇ ಬಟ್ಟೆ ಅಂಗಡಿ. ಅರವತ್ತೆರಡು ವರ್ಷ, ಎದೆಯೊಳಗೆ ಎರಡು ಸ್ಟೆಂಟು, ಐದನೇ ಅಂಗಡಿ.

ಫೋನನ್ನು ಸುಮ್ಮನಾಗಿಸಿ ಅವನು ಅಣ್ಣನ ಮುಖ ನೋಡಿದ. ಇಪ್ಪತ್ತು ವರ್ಷ ಅವನು ಆ ಬಾಯಿಂದ ಒಂದೇ ಒಂದು ಮಾತು ಬರಲಿ ಎಂದು ಕಾದಿದ್ದ. ತಪ್ಪು ಮಾಡಿದೆ ಕಣೋ ತಮ್ಮಾ, ಅಂಗಡಿ ಬಿಡಬಾರದಿತ್ತು. ಅಷ್ಟು ಹೇಳಿದ್ದರೆ ಸಾಕಿತ್ತು, ತಾನು ಮಾಡಿದ್ದೇ ಸರಿ ಎಂದು ಇವನೂ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದ. ಅಣ್ಣ ಹೇಳದೆಯೇ ಹೋಗಿಬಿಟ್ಟ. ದುಃಖದ ನಡುವೆ ಕೊಟ್ಟೂರೇಶನಿಗೆ ಇದರ ಸಿಟ್ಟೂ ಇತ್ತು, ಆ ಸಿಟ್ಟಿಗೆ ನಾಚಿಕೆಯೂ ಆಯಿತು.

*

ಇಪ್ಪತ್ತು ವರ್ಷದ ಹಿಂದಿನ ಆ ದಿನ ಚೌಕಿಪೇಟೆಯ ಅವರ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮದುವೆ ಸೀಸನ್ನು. ಹದಡಿಯಿಂದ ಬಂದ ಒಂದೇ ಬೀಗರ ಗುಂಪು ನಲವತ್ತು ಸೀರೆ ಎತ್ತಿತ್ತು. ಅಣ್ಣತಮ್ಮ ಇಬ್ಬರೂ ದಿನವಿಡೀ ಒಂದೇ ಗಾದಿಯ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತು ಬಟ್ಟೆ ಅಳೆದಿದ್ದರು. ಕಡೆಯ ಗಿರಾಕಿ ಹೋದಮೇಲೆ ಬಕ್ಕೇಶಪ್ಪ ಮೀಟರ್ ಕಡ್ಡಿಯನ್ನು ಒರೆಸಿ ತಮ್ಮನ ಮಡಿಲಿಗಿಟ್ಟ.

"ಸಾಕು ಕಣೋ. ನಾಳೆಯಿಂದ ನಾನು ಬರಲ್ಲ."

"ಯಾಕಣ್ಣ, ಹುಷಾರಿಲ್ಲೇನು?"

"ಹುಷಾರಿದೀನಿ. ಅದಕ್ಕೇ ಬಿಡ್ತಿರೋದು."

ನಲವತ್ತೈದು ವರ್ಷದ ಮನುಷ್ಯ! ಅಂಗಡಿಯ ಪಾಲಿಗೆ ಬದಲಾಗಿ ಇದ್ದ ಮನೆ, ಎರಡು ಮಳಿಗೆಯ ಬಾಡಿಗೆ, ಅಷ್ಟನ್ನು ಬರೆಸಿಕೊಂಡು ಎದ್ದು ಹೋದ. ಮಠಕ್ಕೆ ಸೇರುತ್ತಾನೆ ಎಂದರು ಜನ, ಸೇರಲಿಲ್ಲ. ಷೇರು ಆಡುತ್ತಾನೆ ಎಂದರು, ಆಡಲಿಲ್ಲ. ಏನೂ ಮಾಡಲಿಲ್ಲ. ಬೆಳಿಗ್ಗೆ ಮನೆ ಮುಂದಿನ ಕಟ್ಟೆಯ ಮೇಲೆ ಪೇಪರು, ಸಂಜೆ ಮಕ್ತುಮ್ ಸಾಬರ ಮಂಡಕ್ಕಿ ಭಟ್ಟಿಯ ಮುಂದೆ ಹರಟೆ, ಸೋಮವಾರ ರೈಲು ಹತ್ತಿ ಹರಿಹರದ ದೇವಸ್ಥಾನ. ಕಂಡವರ ಆಸ್ತಿಗೆ ಆಸೆಪಟ್ಟು ಹಾಳಾಗಿದ್ದರೆ ಕೊಟ್ಟೂರೇಶನಿಗೆ ಅರ್ಥವಾಗುತ್ತಿತ್ತು. ಸುಮ್ಮನೆ ಕೂತು ಚೆನ್ನಾಗಿರುವುದನ್ನು ನೋಡಲು ಅವನಿಂದ ಆಗುತ್ತಿರಲಿಲ್ಲ.

ಸಂಜೆ ಕೊಟ್ಟೂರೇಶನ ಕಾರು ಆ ಓಣಿಯಲ್ಲೇ ಹಾಯಬೇಕಿತ್ತು. ಭಟ್ಟಿಯಿಂದ ಬೇಗ ಬಂದು ಕಟ್ಟೆಯ ಮೇಲಿದ್ದ ದಿನ ಬಕ್ಕೇಶಪ್ಪ ತುಸು ಸರಿದು, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿ, "ಬಾರೋ, ಒಂದ್ ನಿಮಿಷ ಕೂಡು" ಎನ್ನುತ್ತಿದ್ದ.

"ಟೈಮಿಲ್ಲಣ್ಣ," ಎನ್ನುತ್ತಿದ್ದ ಕೊಟ್ಟೂರೇಶ. ಗಾಜು ಇಳಿಯುತ್ತಿತ್ತು, ಎಂಜಿನ್ ಮಾತ್ರ ಆರುತ್ತಿರಲಿಲ್ಲ.

*

ಗಾಡಿಯ ಹಿಂದೆ ಕೊಟ್ಟೂರೇಶನ ಕಾರು ಹಳೇ ಪಿ.ಬಿ. ರಸ್ತೆಯಲ್ಲಿ ನಿಧಾನವಾಗಿ ಹೊರಟಿತ್ತು. ಡ್ರೈವರ್ ಪಕ್ಕ ಅವನು, ಹಿಂದೆ ಮರುಳಸಿದ್ದಮ್ಮ, ವಾಣಿ, ಮಕ್ತುಮ್ ಸಾಬ್. ಸಾಬರ ತೊಡೆಯ ಮೇಲೆ, ಹೆಣದ ಗಾಡಿಯಿಂದ ದಾರಿಗೆ ಎರಚಲು ಕೊಟ್ಟು ಉಳಿದ ಅರ್ಧ ಚೀಲ ಮಂಡಕ್ಕಿಯಿತ್ತು.

"ನಿನ್ನೆ ಸಂಜೆನೂ ಬಂದಿದ್ರು," ಎಂದರು ಸಾಬ್. "ಮಿರ್ಚಿ ಒಂದು ಸಾಕು ಅಂದ್ರು. ಎರಡನೇದು ಬಿಟ್ಟಿ ಕೊಡ್ತೀನಿ ತಗೊಳ್ರಿ ಅಂದ್ರೆ, ಬಿಟ್ಟಿ ಅಂದ್ರೂ ಹೊಟ್ಟೆ ನಂದೇ ಅಲ್ಲೇನೋ ಅಂತ ನಕ್ರು. ಯಾ ಅಲ್ಲಾ, ರಾತ್ರಿ ಮಲಗಿದೋರು ಏಳಲೇ ಇಲ್ಲ ಅಂದ್ರೆ!"

ಹರಿಹರ ಇನ್ನೂ ಏಳೆಂಟು ಕಿಲೋಮೀಟರ್ ಇರುವಾಗ ಕೊಟ್ಟೂರೇಶ ಹಿಂದೆ ತಿರುಗದೆಯೇ ಕೇಳಿದ.

"ಅತ್ತಿಗೆ, ಅಣ್ಣ ಯಾವತ್ತಾದ್ರೂ ಬ್ಯಾಸ್ರ ಮಾಡ್ಕೊಂಡಿದ್ನೇ? ಅಂಗಡಿ ಬಿಟ್ಟಿದ್ದಕ್ಕೆ?"

ಇಂಥ ದಿನ ಕೇಳುವ ಮಾತಲ್ಲ ಅದು. ವಾಣಿ ಅಮ್ಮನ ಕೈ ಒತ್ತಿದಳು. ಮರುಳಸಿದ್ದಮ್ಮ ಮಾತ್ರ ಸುಮ್ಮನಾಗಲಿಲ್ಲ.

"ನಾನು ಮಾಡ್ಕೊಂಡಿದ್ದೆ, ಸುಳ್ಳು ಯಾಕೆ ಹೇಳ್ಲಿ. ಇವಳ ಮದುವ್ಯಾಗ ನನ್ನ ಅವಲಕ್ಕಿ ಸರ ಮಾರಬೇಕಾತು. ಹಂಗೇ ಅಂಗಡ್ಯಾಗ ಇದ್ದಿದ್ರೆ ನಾಲ್ಕು ಸರ ಬರ್ತಿದ್ವು ಅಂತ ಎರಡು ದಿನ ಮಾತು ಬಿಟ್ಟೆ."

"ಅವನೇನಂದ?"

"ಏನಂತಾರೆ? ಎರಡು ದಿನ ತಾವೇ ಉಪ್ಪಿಟ್ಟು ಮಾಡಿದ್ರು. ಎರಡು ದಿನಾನೂ ಉಪ್ಪು ಹಾಕಾದು ಮರ್ತಿದ್ರು." ಅವಳಿಗೆ ನಗು ಬಂತು, ನಗು ಅಲ್ಲೇ ಅಳುವಾಯಿತು. ಸೆರಗಿನಿಂದ ಮೂಗು ಒರೆಸಿಕೊಂಡು ಮುಂದುವರಿಸಿದಳು. "ಒಂದೇ ಒಂದು ಹೇಳ್ತಿದ್ರು. ನಿಮ್ಮ ಕಾರು ನಿಲ್ದಂಗೆ ಹೋದಾಗೆಲ್ಲ. ಅಂಗಡಿ ಬಿಟ್ಟಿದ್ದಕ್ಕೆ ಏನಿಲ್ಲ ಕಣೇ, ಅವನೊಬ್ಬನ್ನೇ ಅಲ್ಲಿ ಕೂರಿಸಿ ಎದ್ದು ಬಂದೆ ನೋಡು, ಅದು ತಪ್ಪಾತು ಅಂತ."

ಇಪ್ಪತ್ತು ವರ್ಷ ಕಾದ ಮಾತು ಬಂದಿತ್ತು. ಅದು ಬಂದ ದಾರಿಯೇ ಬೇರೆಯಾಗಿತ್ತು. ಕೊಟ್ಟೂರೇಶ ಕಿಟಕಿಯ ಕಡೆ ಮುಖ ತಿರುಗಿಸಿದ. ಡ್ರೈವರ್ ಎ.ಸಿ. ಹೆಚ್ಚು ಮಾಡಲೇ ಎಂದು ಕೇಳಿದ್ದು ಅವನಿಗೆ ಕೇಳಿಸಲಿಲ್ಲ.

*

ಹೊಲದಲ್ಲಿ ಗುಂಡಿ ನೋಡಿ ಅಯ್ಯನವರು ಹುಬ್ಬು ಗಂಟಿಕ್ಕಿದರು. ಹೆಣ ಹೊತ್ತವರು ಭಾರ ಇಳಿಸದೆ ಹಾಗೇ ನಿಂತರು.

"ಇದೇನು ನಿಂಗಪ್ಪ, ಬಾವಿ ತೋಡೀಯೇನು? ಯಜಮಾನ್ರು ಇದ್ದಿದ್ದು ಇಷ್ಟುದ್ದ."

"ಅಳತೆ ಪ್ರಕಾರನೇ ತೆಗ್ದೀನ್ರಿ." ನಿಂಗಪ್ಪನಿಗೆ ಅವಮಾನವಾಯಿತು. ನಲವತ್ತು ವರ್ಷ ಗುಂಡಿ ತೆಗೆದ ಕೈ ಅದು. "ಒಂಬತ್ತು ಪಾದ, ಐದು ಪಾದ. ಒಂದು ಬೆಟ್ಟು ಆಚೀಚೆ ಇದ್ರೆ ಕೇಳ್ರಿ. ಇವೇ ಚಪ್ಪಲಿ ನಮ್ಮ ಮಹೇಂದ್ರ ತಂದುಕೊಟ್ಟಿದ್ದು."

ಅವನು ಎತ್ತಿ ಹಿಡಿದದ್ದು ಕರಿ ಲೆದರಿನ ದೊಡ್ಡ ಜೋಡು.

"ಅಯ್ಯೋ ಶಿವನೇ," ಎಂದಳು ವಾಣಿ. ಮಹೇಂದ್ರ ಬೆವರುತ್ತ ತೊದಲಿದ. "ಬಾಗಿಲ ಮೂಲ್ಯಾಗೆ ಬ್ಯಾರೆನೇ ಎರಡು ಜೊತೆ ಇದ್ವಕ್ಕ. ಒಂದು ಹರಕು ಹವಾಯಿ. ಸಾವುಕಾರ್ರು ಅಂದ್ಮೇಲೆ ಹವಾಯಿ ಹಾಕ್ತಾರೇನು ಅಂತ, ಚೊಲೋವು ತಂದೆ."

"ಯಾರವು ಇವು?" ಅಯ್ಯನವರು ಕೇಳಿದರು.

ಎಲ್ಲರೂ ಕೆಳಗೆ ನೋಡಿದರು. ಯಾರ ಕಾಲಲ್ಲಿ ಏನಿದೆ ಎಂದು ಹೊಲದಲ್ಲಿದ್ದ ಅಷ್ಟೂ ಜನ ನೋಡಿಕೊಂಡರು. ಹವಾಯಿಯಿಂದ ಹೊರಗೆ ಚಾಚಿದ ಎರಡು ಹಿಮ್ಮಡಿಗಳ ಮೇಲೆ ಎಲ್ಲರ ಕಣ್ಣೂ ನಿಂತವು.

"ನನ್ನವು," ಎಂದ ಕೊಟ್ಟೂರೇಶ.

ಹೆಂಗಸರಲ್ಲಿ ಗುಸುಗುಸು ಎದ್ದಿತು. ಬದುಕಿರೋನ ಅಳತೆಗೆ ಗುಂಡಿ ತೆಗೆದರೆ ಹೆಂಗೆ, ಮುಚ್ಚಿಸಿ ಬೇರೆ ತೆಗೆಸ್ರಿ ಎಂದರು ಯಾರೋ. ಬಾಯಿ ತೆರೆದ ಗುಂಡಿಯನ್ನು ಬರಿದೇ ಮುಚ್ಚಬಾರದು ಎಂದರು ಇನ್ಯಾರೋ. ಮಕ್ತುಮ್ ಸಾಬ್ ಕೊಟ್ಟೂರೇಶನ ತೋಳು ಹಿಡಿದು ಎರಡು ಹೆಜ್ಜೆ ಹಿಂದೆ ಎಳೆದರು.

ಅಯ್ಯನವರು ಕೊನೆಗೆ ಕೈಯೆತ್ತಿದರು. "ದೊಡ್ಡದಾದ್ರೆ ಏನೂ ಆಗಂಗಿಲ್ಲ. ಪತ್ರೆ, ವಿಭೂತಿ, ಎರಡು ಬುಟ್ಟಿ ಮಣ್ಣು ಜಾಸ್ತಿ ಬೇಕು, ಅಷ್ಟೆ. ಒಳಗೆ ಇಳಿದು ಕೂರಿಸೋರು ಯಾರು?"

"ನಾನು," ಎಂದ ಕೊಟ್ಟೂರೇಶ.

"ಬ್ಯಾಡ ಚಿಕ್ಕಪ್ಪ, ನಿಮಗೆ ಹಾರ್ಟ್ ಪ್ರಾಬ್ಲಮ್ ಐತೆ!"

ಅವನು ಅಂಗಿ ಬಿಚ್ಚಿ, ಫೋನಿನ ಸಮೇತ ಸಾಬರ ಕೈಗೆ ಕೊಟ್ಟ. ಹವಾಯಿಯನ್ನು ಅಂಚಿನಲ್ಲಿ, ನಿಂಗಪ್ಪ ಕೆಳಗಿಟ್ಟಿದ್ದ ತನ್ನ ಜೋಡಿನ ಪಕ್ಕ ಜೋಡಿಸಿಟ್ಟು, ನಿಂಗಪ್ಪನ ಭುಜ ಹಿಡಿದು ಇಳಿದ. ಒಳಗೆ ಮಣ್ಣು ತಣ್ಣಗಿತ್ತು. ಕೂರಿಸಲೆಂದು ಗುಂಡಿಯ ಒಂದು ಬದಿಗೆ, ಅಗಲದುದ್ದಕ್ಕೂ ಕೆತ್ತಿ ಬಿಟ್ಟಿದ್ದ ಮಣ್ಣಿನ ಕಟ್ಟೆಯಿತ್ತು. ಮೇಲಿನಿಂದ ಇಳಿಸಿದ ಅಣ್ಣನನ್ನು ಅವನು ಎದೆಗೆ ಅವಚಿ ಹಿಡಿದ. ಅಣ್ಣ ಅಷ್ಟು ಹಗುರ ಎಂದು ಅವನಿಗೆ ಗೊತ್ತಿರಲಿಲ್ಲ. ವಾಲದಿರಲಿ ಎಂದು ಎಡಮೂಲೆಗೆ ಒರಗಿಸಿ ಕೂರಿಸಿದರು. ಎಡಗೈಯಲ್ಲಿ ಲಿಂಗ ಇಟ್ಟದ್ದಾಯಿತು, ಪತ್ರೆ ಏರಿಸಿದ್ದಾಯಿತು. ಜೊತೆಗಿದ್ದ ಇಬ್ಬರು ಮೇಲೆ ಹತ್ತಿದರು.

ಕಟ್ಟೆಯ ಮೇಲೆ ಅಣ್ಣನ ಪಕ್ಕಕ್ಕೆ ಜಾಗ ಉಳಿದಿತ್ತು. ಹೆಚ್ಚೇನಲ್ಲ, ಒಬ್ಬ ಮನುಷ್ಯ ಕೂರುವಷ್ಟು.

"ಬರ್ರಿ ಯಜಮಾನ್ರ, ಕೈ ಕೊಡ್ರಿ," ನಿಂಗಪ್ಪ ಬಗ್ಗಿ ಕೈಚಾಚಿದ.

ಕೊಟ್ಟೂರೇಶ ಆ ಕೈಯನ್ನು ನೋಡಿದ. ಆಮೇಲೆ ತಿರುಗಿ, ಅಂಗೈಯಿಂದ ಮಣ್ಣು ತಟ್ಟಿ ಸಮ ಮಾಡಿ, ಅಣ್ಣನ ಪಕ್ಕ ಕೂತ. ಭುಜಕ್ಕೆ ಭುಜ ತಾಗಿತು.

"ಚಿಕ್ಕಪ್ಪಾ! ಏನ್ ಮಾಡ್ತಿದೀರಿ, ಮ್ಯಾಲೆ ಬರ್ರಿ!" ವಾಣಿ ಕೂಗಿದಳು. ಮರುಳಸಿದ್ದಮ್ಮ ಮಗಳ ಬಾಯಿಗೆ ಕೈ ಅಡ್ಡ ಇಟ್ಟಳು.

ಅಂಗಿಯೊಳಗೆ ಫೋನು ಹೊಡೆದುಕೊಳ್ಳತೊಡಗಿತು. ಮಕ್ತುಮ್ ಸಾಬ್ ಅದನ್ನು ತೆಗೆದು, ಕನ್ನಡಕ ಮೇಲೆತ್ತಿ ಓದಿದರು. "ಬೊಮ್ಮಣ್ಣ ಅಂತ ಬರ್ತೈತ್ರಿ. ಏನ್ ಹೇಳ್ಲಿ?"

"ಕೂತೀನಿ ಅಂತ ಹೇಳ್ರಿ," ಎಂದ ಕೊಟ್ಟೂರೇಶ.

ನಿಂಗಪ್ಪ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು, ಸಲಿಕೆಯ ಮೇಲೆ ಗದ್ದ ಊರಿ ನಿಂತ. ಗುಂಡಿಯ ಅಂಚಿನಲ್ಲಿ ಕರಿ ಲೆದರಿನ ಜೋಡು ಮತ್ತು ನೀಲಿ ಪಟ್ಟಿಯ ಹವಾಯಿ ಅಕ್ಕಪಕ್ಕ ಇದ್ದವು, ಇಬ್ಬರು ಒಳಗೆ ಹೋಗಿ ಮಾತಾಡುತ್ತಾ ಕೂತಾಗ ಬಾಗಿಲಲ್ಲಿ ಇರುವ ಹಾಗೆ.