ಲಕ್ಕಿ ಗಿಡಕ್ಕೆ ಕಟ್ಟಿದ ಚಿಂದಿ

ಅಂಕಮ್ಮ ಸೊಪ್ಪಿಗೆಂದು ಖಾಲಿ ಬಿದಿರ ಮಂಕರಿ ಹಿಡಿದು ಕೊಪ್ಪದ ರಸ್ತೆಗೆ ಬರುವ ಹೊತ್ತಿಗೆ ಜೆಸಿಬಿ ಒಂಬತ್ತನೆಯ ಲಕ್ಕಿ ಗಿಡವನ್ನು ಬುಡಸಮೇತ ಎತ್ತಿ ಪಕ್ಕಕ್ಕೆ ಇಡುತ್ತಿತ್ತು. ಎಂಟು ಗಿಡ ಆಗಲೇ ರಸ್ತೆಯಂಚಿನಲ್ಲಿ ಸಾಲಾಗಿ ಮಲಗಿದ್ದವು. ಒಂದೊಂದಕ್ಕೂ ಅವಳೇ ಕಟ್ಟಿದ್ದ ಕೆಂಪು ಸೀರೆಯ ಚಿಂದಿ ಹಾಗೇ ಇತ್ತು. ಹಿಂದಿದ್ದ ಬಳ್ಳಾರಿ ಜಾಲಿಯನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಅದು ರಸ್ತೆಯತ್ತ ಮುಳ್ಳು ಚಾಚಿಕೊಂಡು ನಿಂತಿತ್ತು.

ಅವಳು ಕೈ ಎತ್ತಿದಳು. ಡ್ರೈವರ್ ಇಂಜಿನ್ ನಿಲ್ಲಿಸಿ ತಲೆ ಹೊರಗೆ ಹಾಕಿದ.

"ಈ ಗಿಡವ ಯಾಕಪ್ಪ ಕಿತ್ತೆ?"

"ಕೆಂಪು ಕಟ್ಟವ್ರಲ್ಲವ್ವ. ಮರಕ್ಕೆ ಕೆಂಪು ಬಳುದ್ರೆ ಕುಯ್ಯಾಕೆ ತಾನೆ? ಇದೂ ಅಂಗೇಯ ಅನ್ಕಂಡೆ."

"ಕೀಳ್ದೆ ಬುಡ್ಲಿ ಅಂತ ಕಟ್ಟಿದ್ದು ಕಣಪ್ಪ. ನಾನೇ ಕಟ್ಟಿದ್ದು."

ರಸ್ತೆ ಬದಿಯ ಜಂಗಲ್ ಕಟಿಂಗ್ ಆಗಬೇಕೆಂದು ಪಂಚಾಯ್ತಿಗೆ ಅರ್ಜಿ ಕೊಟ್ಟವರು ತಿರುವಿನ ಮನೆಯ ದೇವಿರಮ್ಮ. ಗಿಡ ಬೆಳೆದು ಎದುರಿಗೆ ಬರುವ ಗಾಡಿ ಕಾಣುತ್ತಿರಲಿಲ್ಲ, ಅಂಗಳಕ್ಕೆ ಎರಡು ಸಲ ಹಾವು ಬಂದಿತ್ತು. ಒಂದು ಕಡ್ಡಿಯನ್ನೂ ಬಿಡಬೇಡಿ ಎಂದು ಆಕೆ ಹೇಳಿಬಂದಿದ್ದರು. ಆ ಸುದ್ದಿ ಕೇಳಿ ಅಂಕಮ್ಮ ಮೊದಲ ಸಲ ಒಬ್ಬಳೇ ಪಂಚಾಯ್ತಿ ಆಫೀಸಿನ ಮೆಟ್ಟಿಲು ಹತ್ತಿದ್ದಳು. ಪಿಡಿಒ ವೀಣ ಕುರ್ಚಿ ಎಳೆದು ಕೂರಿಸಿ, ಪೂರ್ತಿ ಕೇಳಿಸಿಕೊಂಡು, ಜಾಲಿ, ರೋಜವಾರ, ಕಾಂಗ್ರೆಸ್ ಗಿಡ ಹೋಗಲಿ, ತಿರುವಿನಿಂದ ಆಚೆಗಿರುವ ಲಕ್ಕಿ, ತಂಗಡಿ ಇರಲಿ, ನೀವೇ ಗುರುತು ಮಾಡಿ ಎಂದಿದ್ದರು. ಗುರುತಿಗೆಂದು ಮನೆಯಲ್ಲಿ ಸಿಕ್ಕಿದ್ದು ಒಂದು ಹಳೆಯ ಕೆಂಪು ಸೀರೆ. ಗುರುತು ಹಾಕಿದೆ ಎಂಬ ಮಾತು ಕಂಟ್ರಾಕ್ಟರನಿಂದ ಡ್ರೈವರ್‌ವರೆಗೂ ತಲುಪಿತ್ತು. ಯಾತಕ್ಕೆ ಹಾಕಿದ್ದು ಎನ್ನುವುದು ತಲುಪಿರಲಿಲ್ಲ.

ಮೂವತ್ತು ವರ್ಷದಿಂದ ಊರಿನ ಬಾಣಂತಿಯರಿಗೆ ನೀರು ಹಾಕುತ್ತಿದ್ದವಳು ಅಂಕಮ್ಮನೇ. ಹಂಡೆಗೆ ಲಕ್ಕಿ ಸೊಪ್ಪು ಬೀಳದೆ ಅವಳು ಚೊಂಬು ಮುಟ್ಟುತ್ತಿರಲಿಲ್ಲ. ಮೊದಲು ನಾಲೆಯ ಏರಿಯ ಮೇಲೆಲ್ಲ ಲಕ್ಕಿ ಇತ್ತು. ಏರಿಗೆ ಕಾಂಕ್ರೀಟು ಬಂತು, ಕಬ್ಬು ಟಾರು ರಸ್ತೆಯವರೆಗೂ ಬಂತು. ಉಳಿದಿದ್ದು ಈ ಹನ್ನೆರಡು ಗಿಡ. ಇವತ್ತು ನೀರು ಹಾಕಬೇಕಾಗಿದ್ದು ದೇವಿರಮ್ಮನ ಸೊಸೆ ದೀಪಿಕಳಿಗೆ. ಹಂಡೆ ಒಲೆಯ ಮೇಲಿತ್ತು.

ಡ್ರೈವರ್ ಕೆಳಗಿಳಿದ. ಬೈಗುಳ ಬರುತ್ತದೆಂದು ಕಾದಂತೆ ಸ್ವಲ್ಪ ದೂರದಲ್ಲೇ ನಿಂತ. ಅಂಕಮ್ಮ ಬೈಯಲಿಲ್ಲ. ಬಿದ್ದ ಗಿಡಗಳ ಪಕ್ಕ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಚಿಂದಿ ಬಿಚ್ಚಿ ಮಡಿಲಿಗೆ ಹಾಕಿಕೊಂಡಳು. ಆಮೇಲೆ ಸೊಪ್ಪು ತರಿಯತೊಡಗಿದಳು. ಯಾತಕ್ಕೆ ಎಂದು ಅವನು ಕೇಳಿದ. ಅವಳು ಹೇಳಿದಳು.

ಅವನು ಒಂದೆಲೆ ಕಿತ್ತು ಉಜ್ಜಿ ಮೂಸಿದ. ತನ್ನ ಹೆಸರು ಅಂಬರೀಶ, ಮುತ್ತತ್ತಿ ಹತ್ತಿರದವನು ಎಂದ.

"ನಮ್ಮೂರ ಒಳೆ ದಡದಲ್ಲಿ ಬೇಕಾದಂಗದೆ ಇದು. ಕಡ್ಡಿ ನೆಟ್ರೂ ಬತ್ತದೆ ಕಣವ್ವ."

ಅಂಕಮ್ಮನ ಕೈ ನಿಂತಿತು. "ನೆಡಾದಾ? ಇಷ್ಟು ವರ್ಸ ಕಿತ್ಕಂಡೇ ಬಂದೋಳು ನಾನು. ಒಂದಿನಾನೂ ನೆಟ್ಟೋಳಲ್ಲ."

ಅಂಬರೀಶ ಗಾಡಿ ಹತ್ತಿ ಬಕೆಟ್ಟಿನ ಒಂದೇ ಹಲ್ಲು ನೆಲಕ್ಕೆ ತಾಗಿಸಿ, ಚರಂಡಿಯಾಚೆ ಉದ್ದಕ್ಕೆ ಸಣ್ಣ ಗೀರು ಎಳೆದ. ಅಷ್ಟು ದೊಡ್ಡ ಯಂತ್ರ ರಂಗೋಲಿ ಬಿಡುವವರ ಬೆರಳಿನ ಹಾಗೆ ನಿಧಾನಕ್ಕೆ ಸರಿಯುವುದನ್ನು ಅವಳು ನಿಂತು ನೋಡಿದಳು. ಆಮೇಲೆ ಕುಡುಗೋಲಿನಲ್ಲಿ ಮೊಳದುದ್ದ ಕಡ್ಡಿ ಕತ್ತರಿಸಿ ಕೊಡುತ್ತ ಹೋದಳು, ಅವನು ಇಳಿದುಬಂದು ನೆಡುತ್ತ ಹೋದ. ಮಧ್ಯೆ ಕಂಟ್ರಾಕ್ಟರನ ಫೋನು ಬಂತು. ಆಯಿಲ್ ಪೈಪು ಸೋರುತ್ತಿದೆ, ಸರಿಮಾಡುತ್ತಿದ್ದೀನಿ ಎಂದ ಅಂಬರೀಶ.

"ಸುಳ್ಳೇಳ್ತೀಯಲ್ಲೋ ಮಗ."

"ಇನ್ನೇನು, ಬಾಣಂತಿ ನೀರ್ಗೆ ಸೊಪ್ಪು ನೆಡ್ತಾವ್ನಿ ಅನ್ಲಾ?"

ಅಂಕಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಉಳಿದಿದ್ದ ಮೂರು ಗಿಡದ ಕೆಂಪು ಚಿಂದಿಯನ್ನು ಅವನೇ ಬಿಚ್ಚಿ, ತನ್ನ ಬಿಳಿ ಟವಲಿನ ಅಂಚು ಹರಿದು ಕಟ್ಟಿದ. ಆಮೇಲೆ ಜಾಲಿಯತ್ತ ಗಾಡಿ ತಿರುಗಿಸಿದ.

ದೇವಿರಮ್ಮ ಬಾಗಿಲಲ್ಲೇ ನಿಂತಿದ್ದರು. "ಈಗ್ಲಾ ಬರಾದು ಅಂಕವ್ವ? ಕಾದಿದ್ ನೀರೆಲ್ಲ ಆರೋಯ್ತು." ಅಷ್ಟರಲ್ಲಿ ತುಂಬಿ ತುಳುಕುತ್ತಿದ್ದ ಮಂಕರಿ ನೋಡಿದರು. "ಇಷ್ಟೊಂದ್ ಯಾಕೆ ತಂದೆ?"

"ಬುಡಸಮೇತ ಬಂದ್ಬುಟ್ವು ಕಣಕ್ಕ. ಮೂರ್ ಉಳ್ಕಂಡವೆ."

ದೇವಿರಮ್ಮ ಮಂಕರಿ ಇಸಕೊಂಡು ಒಳಗೆ ಹೋದರು. ಹಂಡೆಯ ಕೆಳಗೆ ತೆಂಗಿನ ಮಟ್ಟೆ ತಳ್ಳಿ ಊದತೊಡಗಿದರು. ಆ ದಿನದ ಹಬೆಗೆ ಬಚ್ಚಲಮನೆಯ ಗೋಡೆಯೂ ಲಕ್ಕಿಯ ವಾಸನೆ ಹೀರಿತು. ನೀರು ಹಾಕಿಸಿಕೊಂಡ ದೀಪಿಕ ಮಗುವನ್ನು ಪಕ್ಕಕ್ಕೆಳೆದುಕೊಂಡು ಸಂಜೆಯವರೆಗೆ ಮಲಗಿದಳು.

ಎರಡು ದಿನ ಅಂಕಮ್ಮ ಕಡ್ಡಿಗಳಿಗೆ ನೀರು ಹೊತ್ತಳು. ಮೂರನೆಯ ದಿನ ಮಳವಳ್ಳಿಯ ತಂಗಿ ಬಿದ್ದು ಕಾಲು ಮುರಿದುಕೊಂಡ ಸುದ್ದಿ ಬಂತು. ಹೊರಡುವ ಮುಂಚೆ ಎಷ್ಟು ಸೊಪ್ಪಿಗೆ ಎಷ್ಟು ನೀರು ಎಂದು ದೇವಿರಮ್ಮನಿಗೆ ಹೇಳಿಕೊಟ್ಟಳು. ಕಡ್ಡಿಗಳ ವಿಷಯ ಹೇಳಲು ಬಾಯಿ ಬರಲಿಲ್ಲ. ಆ ಜಾಗ ಬಯಲಾಗಲಿ ಎಂದು ಅರ್ಜಿ ಕೊಟ್ಟವರಿಗೆ ಏನೆಂದು ಹೇಳುವುದು?

ಹದಿನೈದು ದಿನ ಒಂದು ಹನಿ ಮಳೆ ಬೀಳಲಿಲ್ಲ. ಅಲ್ಲಿ ತಂಗಿಯ ಆರೈಕೆ ಮಾಡುತ್ತ ಅವಳು ದಿನವೂ ಆಕಾಶ ನೋಡಿದಳು.

ವಾಪಸು ಬಂದ ದಿನ ಬಸ್ಸಿನಿಂದ ತಿರುವಿನಲ್ಲೇ ಇಳಿದು, ಚೀಲ ಕೆಳಗಿಡದೆ ಚರಂಡಿಯ ಹತ್ತಿರ ಹೋದಳು. ರಸ್ತೆಯ ಎರಡು ಬದಿಯ ಮಣ್ಣೂ ಬಿರಿದಿತ್ತು. ಕೆಲವು ಕಡ್ಡಿ ಒಣಗಿದ್ದವು. ಆದರೆ ಪ್ರತಿ ಕಡ್ಡಿಯ ಬುಡವೂ ಒದ್ದೆಯಿತ್ತು. ಒದ್ದೆ ಮಣ್ಣಿನ ಮೇಲೆ ಬೆಂದು ಕಪ್ಪಾದ ಲಕ್ಕಿ ಎಲೆಗಳು ಅಂಟಿಕೊಂಡಿದ್ದವು. ಬಗ್ಗಿ ಮುಟ್ಟಿದಳು. ಮಣ್ಣು ಇನ್ನೂ ಬೆಚ್ಚಗಿತ್ತು.

ಆಚೆ ಬದಿಯಿಂದ ದೇವಿರಮ್ಮ, ಕಂಕುಳಲ್ಲಿ ಹಂಡೆಯ ನೀರಿನ ಬಿಂದಿಗೆ ಇಟ್ಟುಕೊಂಡು, ಗಾಡಿ ಏನಾದರೂ ಬರುತ್ತಿದೆಯೇ ಎಂದು ಎರಡು ಕಡೆಗೂ ನೋಡಿ, ರಸ್ತೆ ದಾಟುತ್ತಿದ್ದರು.