ಖಾಲಿ ತೊಟ್ಟಿಯ ಲೆಕ್ಕ

ಮೇಜಿನ ಆಚೆ ಕುಳಿತು ‘ನಿಮ್ಮ ಸೋಲೊಂದನ್ನು ಹೇಳಿ’ ಎಂದು ಕೇಳುವ ನೀವು, ನಿಜವಾದ ಸೋಲನ್ನು ಕೇಳಿಸಿಕೊಳ್ಳುವ ಮನಸ್ಸಿನಿಂದ ಎಂದಾದರೂ ಆ ಕುರ್ಚಿಯಲ್ಲಿ ಕುಳಿತದ್ದುಂಟೇ?

ನೆಲದಡಿಯ ನೀರಿನ ತೊಟ್ಟಿಗಳನ್ನು ಕಟ್ಟಿಸುತ್ತಿದ್ದ ಎಂಜಿನಿಯರರೊಬ್ಬರು ಈ ಪ್ರಶ್ನೆಗೆ ಪ್ರತಿ ಸಂದರ್ಶನದಲ್ಲೂ ನಿಜವನ್ನೇ ಹೇಳಿ ಬರಿಗೈಯಲ್ಲಿ ಹಿಂದಿರುಗಿದ್ದರು. ಕೆಲಸವಿಲ್ಲದೆ ವರ್ಷ ಕಳೆಯುತ್ತ ಬಂದಿತ್ತು. ಸಂಸಾರದ ಬಂಡಿ ಹೆಂಡತಿಯ ಹೊಲಿಗೆಯಂತ್ರದ ಮೇಲೆ ಉರುಳುತ್ತಿತ್ತು. ಈ ಸಲವೂ ಕೆಲಸ ಸಿಗದಿದ್ದರೆ ಮಗಳ ಕಾಲೇಜು ನಿಲ್ಲುತ್ತದೆಂಬುದು ಮನೆಯಲ್ಲಿ ಎಲ್ಲರಿಗೂ ತಿಳಿದಿದ್ದ, ಯಾರೂ ಬಾಯಿಬಿಟ್ಟು ಆಡದ ಮಾತಾಗಿತ್ತು.

ಹೆಂಡತಿಯ ತಮ್ಮ ಉದ್ಯೋಗಾಕಾಂಕ್ಷಿಗಳನ್ನು ಸಂದರ್ಶನಕ್ಕೆ ಪಳಗಿಸುವ ಕಸುಬಿನವನು. ಈ ಸಂದರ್ಶನದ ಹಿಂದಿನ ಸಂಜೆ ಬಂದು, ಗುಣವೊಂದಕ್ಕೆ ಸೋಲಿನ ಅಂಗಿ ತೊಡಿಸುವುದು ಹೇಗೆಂದು ಭಾವನಿಗೆ ಪಾಠ ಹೇಳಿದ. ಎಲ್ಲ ಕೆಲಸವನ್ನೂ ನಾನೇ ಮೈಮೇಲೆ ಹಾಕಿಕೊಳ್ಳುತ್ತೇನೆ, ಅದೇ ನನ್ನ ಸೋಲು, ಎಂದುಬಿಡಬೇಕಂತೆ. ನಡೆದದ್ದು ಅದಲ್ಲವಲ್ಲ, ಎಂದರು ಎಂಜಿನಿಯರರು.

“ಭಾವ, ನೀವು ಹೋಗ್ತಿರೋದು ಸಂದರ್ಶನಕ್ಕೆ, ಪೊಲೀಸ್ ಠಾಣೆಗಲ್ಲ. ತಪ್ಪೊಪ್ಪಿಗೆ ಯಾರು ಕೇಳಿದ್ರು?”

“ಅವರಿಗೆ ಹೇಳಿ ಏನು ಸುಖ?” ಎಂದಳು ಹೆಂಡತಿ, ಸೂಜಿಗೆ ದಾರ ಪೋಣಿಸುತ್ತ. “ಅಡುಗೆ ಹೇಗಿದೆ ಅಂತ ಕೇಳಿದ್ರೂ ಉಪ್ಪಿನ ಲೆಕ್ಕ ಒಪ್ಪಿಸ್ತಾರೆ.”

ಮರುದಿನ ಗಾಜಿನ ಗೋಡೆಯ ಕೋಣೆಯಲ್ಲಿ ಸಿಬ್ಬಂದಿ ವಿಭಾಗದ ಅಧಿಕಾರಿಣಿಯೂ ಕಂಪನಿಯ ಮುಖ್ಯ ಎಂಜಿನಿಯರರೂ ಕುಳಿತಿದ್ದರು. ನಿರೀಕ್ಷಿಸಿದ ಪ್ರಶ್ನೆ ಅಧಿಕಾರಿಣಿಯಿಂದ ಬಂತು. ಕಲಿತ ಉತ್ತರವನ್ನು ಎಂಜಿನಿಯರರು ಆರಂಭಿಸಿದರು, ಅರ್ಧಕ್ಕೇ ನಿಲ್ಲಿಸಿದರು. ಅದನ್ನು ಧೈರ್ಯವೆಂದು ಹೊಗಳಬೇಕಿಲ್ಲ. ಹೊಸದೊಂದು ಸುಳ್ಳನ್ನು ಹೊರುವಷ್ಟು ಶಕ್ತಿ ಅವರಲ್ಲಿ ಉಳಿದಿರಲಿಲ್ಲ.

ನಡೆದದ್ದನ್ನು ಹೇಳಿದರು. ಹಿಂದೆ ಕಟ್ಟಿಸಿದ ತೊಟ್ಟಿಯೊಂದರ ಲೆಕ್ಕವನ್ನು ಅವರು ನೀರು ತುಂಬಿದ ಸ್ಥಿತಿಗಷ್ಟೇ ಮಾಡಿದ್ದರು. ಖಾಲಿಯಾದಾಗ ಏನಾದೀತೆಂದು ನೋಡಿರಲಿಲ್ಲ. ತೊಳೆಯಲೆಂದು ಬರಿದು ಮಾಡಿದ ದಿನ, ಮಳೆಯಿಂದ ಏರಿದ್ದ ಅಂತರ್ಜಲ ಆ ಕಾಂಕ್ರೀಟು ತೊಟ್ಟಿಯನ್ನು ದೋಣಿಯಂತೆ ಮೇಲೆತ್ತಿತು. ಕೊಳವೆಗಳು ಮುರಿದವು. ಒಳಗಿದ್ದ ಕೆಲಸಗಾರನ ಕಾಲೂ ಮುರಿಯಿತು.

ಅಧಿಕಾರಿಣಿ ಬರೆಯುವುದನ್ನು ನಿಲ್ಲಿಸಿದರು. ಮುಖ್ಯ ಎಂಜಿನಿಯರರು ಮಾತ್ರ ಮುಂದಕ್ಕೆ ಬಾಗಿ, ಮುಂದಿನ ತೊಟ್ಟಿಗೆ ಏನು ಮಾಡಿದಿರಿ ಎಂದು ಕೇಳಿದರು.

“ತಳದ ಸ್ಲ್ಯಾಬನ್ನ ಗೋಡೆಯಿಂದಾಚೆಗೂ ಚಾಚಿ, ಅದರ ಮೇಲೆ ಮಣ್ಣು ತುಂಬಿಸಿದೆ. ಆ ಮಣ್ಣಿನ ಭಾರವೇ ತೊಟ್ಟೀನ ಅದುಮಿ ಹಿಡಿಯುತ್ತೆ.”

ಮುಖ್ಯ ಎಂಜಿನಿಯರರ ಮುಖ ಬಿಳಿಚಿಕೊಂಡಿತು. ಎದ್ದು ಕಿಟಕಿಯ ಬಳಿ ನಿಂತು, ಕಂಪನಿಯ ಹೊಸ ತೊಟ್ಟಿ ಕಟ್ಟುತ್ತಿದ್ದ ಜಾಗಕ್ಕೆ ಫೋನು ಮಾಡಿದರು.

“ತೊಟ್ಟೀಲಿರೋ ನೀರು ಎಳೆಯೋ ಪಂಪು ನಿಲ್ಲಿಸಿ. ಸೋರಿಕೆ ನೋಡೋಕೆ ತುಂಬಿದ ನೀರು ಹಾಗೇ ಇರ್ಲಿ. ನಾನು ಬರೋವರೆಗೂ ತೊಟ್ಟಿ ಖಾಲಿ ಮಾಡಬೇಡಿ. ನಮ್ಮ ಸ್ಲ್ಯಾಬೂ ಗೋಡೆಯಿಂದಾಚೆ ಚಾಚಿಲ್ಲ.”

ಹಿಂದಿರುಗಿ, ತಿಳಿಸುತ್ತೇವೆ ಎಂದಷ್ಟೇ ಹೇಳಿ ಕೈಕುಲುಕಿದರು.

ಕೆಲವು ದಿನಗಳ ಬಳಿಕ ಮುಖ್ಯ ಎಂಜಿನಿಯರರೇ ಫೋನು ಮಾಡಿದರು. ನಿಮ್ಮ ಉಪಕಾರ ಮರೆಯುವಂಥದ್ದಲ್ಲ ಎಂದು ಸುತ್ತಿ ಬಳಸಿ, ಕೊನೆಗೆ ವಿಷಯಕ್ಕೆ ಬಂದರು.

“ಕೆಲಸಗಾರನ ಕಾಲು ಮುರಿದ ಕತೆ ಇರೋರನ್ನ ತಗೊಂಡ್ರೆ ಮೇಲಿನವರಿಗೆ ಏನಂತ ಉತ್ತರ ಕೊಡ್ಲಿ, ನೀವೇ ಹೇಳಿ.”

ಎಂಜಿನಿಯರರು ಕೇಳಿದರು, “ನಿಮ್ಮ ತೊಟ್ಟಿ ಏನಾಯ್ತು?”

“ಮೇಲೇಳದೆ ಉಳೀತು. ಸರಿಪಡಿಸ್ತಿದ್ದೀವಿ.”

“ಒಳ್ಳೇದಾಯ್ತು,” ಎಂದು ಫೋನು ಇಟ್ಟರು. ಹೆಂಡತಿ ಹೊಲಿಗೆಯಂತ್ರದ ಚಕ್ರವನ್ನು ತಿರುಗಿಸುತ್ತಲೇ ಇದ್ದಳು. ಮುಂದಿನ ವಾರ ಮಗಳು ಕಾಲೇಜು ಬಿಟ್ಟು ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದಳು.

ಒಬ್ಬನ ಅನುಭವದಿಂದ ತಮ್ಮ ಕಟ್ಟಡವನ್ನು ಉಳಿಸಿಕೊಂಡು, ಅದೇ ಅನುಭವಕ್ಕಾಗಿ ಅವನನ್ನು ಹೊರಗಟ್ಟುವುದು ಯಾವ ನ್ಯಾಯ? ನಾಳೆ ನೀವು ಯಾರನ್ನಾದರೂ ಸಂದರ್ಶಿಸುವವರಿದ್ದರೆ, ದಯವಿಟ್ಟು ಆ ಪ್ರಶ್ನೆಯನ್ನು ಕೈಬಿಡಿ. ಕೇಳಲೇಬೇಕೆಂದಿದ್ದರೆ, ನಿಜ ಹೇಳಿದವರನ್ನು ಕೆಲಸಕ್ಕೆ ಸೇರಿಸಿಕೊಳ್ಳಿ.